ಜಾಗ ಇದೆ

ಮೇವಿಸ್ ಟ್ರಾಸ್ಕ್‌ಗೆ ಅವತ್ತು ಸಿಟ್ಟು ಗೇಟಿನಲ್ಲೇ ಹತ್ತಿಕೊಂಡಿತು. ಇನ್ನು ಮೇಲೆ ಮೈದಾನದೊಳಕ್ಕೆ ಬಟ್ಟೆಯ ಚೀಲ ತರುವ ಹಾಗಿಲ್ಲವಂತೆ, ಒಳಗಿರುವುದೆಲ್ಲ ಹೊರಗೆ ಕಾಣುವಂಥ ಪ್ಲಾಸ್ಟಿಕ್ ಚೀಲವೇ ಆಗಬೇಕಂತೆ. "ರೂಲ್ಸ್ ಮ್ಯಾಮ್, ನಾನೇನ್ ಮಾಡ್ಲಿ?" ಎಂದು ಗೇಟಿನ ಹೆಂಗಸು ನಗುತ್ತಲೇ ಒಂದು ಚೀಲ ಚಾಚಿದಳು. ಅದರ ಮೇಲೆ ಊರಿನಲ್ಲಿ ಹೆಣ ಹೂಳುವ ಕಂಪನಿಯ ಹೆಸರು, ಅದರ ಕೆಳಗೆ 'ಕಷ್ಟದ ದಿನ ನಿಮ್ಮ ಜೊತೆ' ಎಂಬ ಮಾತು. ಸಾಲಿನಲ್ಲಿ ನಿಂತವರ ಕಣ್ಣೆದುರಿಗೆ ಮೇವಿಸ್ ತನ್ನ ಸಾಮಾನನ್ನು ಒಂದೊಂದಾಗಿ ಅದರೊಳಗೆ ಹಾಕಬೇಕಾಯಿತು: ರಕ್ತದೊತ್ತಡದ ಮಾತ್ರೆ, ಒಂದು ಜೊತೆ ಕಾಲುಚೀಲ, ಬೆನ್ನಿಗೆ ಹಚ್ಚುವ ಮುಲಾಮು, ಸೂರ್ಯಕಾಂತಿ ಬೀಜದ ಪೊಟ್ಟಣ, ಆಟದ ಲೆಕ್ಕ ಬರೆದಿಡುವ ಉದ್ದನೆಯ ಪುಸ್ತಕ. ಅರವತ್ತಮೂರು ವರ್ಷದ ಹೆಂಗಸಿನ ಮಾನ ಮರ್ಯಾದೆಯೆಲ್ಲ ಅಲ್ಲಿ ಜೋತಾಡುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಈ ಕಾಲೇಜಿನ ಹುಡುಗಿಯರು ಊರಿನಲ್ಲಿ ಆಡಿದ ಒಂದೇ ಒಂದು ಸಾಫ್ಟ್‌ಬಾಲ್ ಆಟವನ್ನೂ ಅವಳು ತಪ್ಪಿಸಿರಲಿಲ್ಲ. ಗಂಡ ರಾಯ್ಸ್‌ನನ್ನು ಮಣ್ಣು ಮಾಡಿದ ವಾರವೂ ಬಂದು ಕೂತಿದ್ದಳು, ಚರ್ಚಿನ ಹೆಂಗಸರು ಏನು ಬೇಕಾದರೂ ಅಂದುಕೊಳ್ಳಲಿ ಎಂದು. ಇವತ್ತು ಅವಳು ಚಾಕು ತಂದಿದ್ದಾಳೋ ಇಲ್ಲವೋ ನೋಡಬೇಕಂತೆ! ಗಂಡುಹುಡುಗರ ಬೇಸ್‌ಬಾಲ್ ಮೈದಾನದ ಗೇಟಿನಲ್ಲಿ ಹೀಗೆ ನೋಡುತ್ತಾರೋ ಇಲ್ಲವೋ ವಿಚಾರಿಸಬೇಕು, ಸೋಮವಾರವೇ ವಿಚಾರಿಸಬೇಕು ಎಂದುಕೊಳ್ಳುತ್ತ ಅವಳು ಮೂರನೇ ಬೇಸಿನ ಹಿಂದಿರುವ ತನ್ನ ಬೆಂಚಿಗೆ ಹತ್ತಿದಳು.

ಹತ್ತಿದವಳ ಕಣ್ಣಿಗೆ ಬಿದ್ದದ್ದು ಬೇಲಿ. ತಂಡ ಮೂರು ವಾರ ಹೊರ ಊರುಗಳಲ್ಲಿ ಆಡುತ್ತಿದ್ದಾಗ ಕಾಲೇಜಿನವರು ಎಡಗಡೆಯ ಬೇಲಿಯನ್ನು ಕಿತ್ತು ಏಳು ಹೆಜ್ಜೆ ಒಳಕ್ಕೆ ತಂದು ನೆಟ್ಟಿದ್ದರು. ಉಳಿದ ಜಾಗದಲ್ಲಿ ನಾಲ್ಕು ಮೇಜು, ಮೇಜಿಗೊಂದು ಛತ್ರಿ, ಕಾಲೇಜಿಗೆ ದೊಡ್ಡ ಕೊಡುಗೆ ಕೊಟ್ಟವರು ಕೂತು ತಣ್ಣಗೆ ಕುಡಿಯುವುದಕ್ಕೆ. ಏಳು ಹೆಜ್ಜೆ ಎಂಬುದು ಅಂದಾಜಲ್ಲ. ಗುಂಡಿ ತೋಡುತ್ತಿದ್ದ ದಿನ ಮೇವಿಸ್ ಕೆಲಸದವರ ನಡುವೆ ನುಗ್ಗಿ ಕಾಲಲ್ಲೇ ಅಳೆದಿದ್ದಳು, ಅಳೆದು ಕ್ರೀಡಾ ವಿಭಾಗದ ನಿರ್ದೇಶಕನಿಗೆ ಮೂರು ಪತ್ರ ಬರೆದಿದ್ದಳು. ಗೆರೆಯಾಚೆ ಹೋಗುವ ಚೆಂಡನ್ನು ಹಿಡಿಯಲು ಓಡುವ ಹುಡುಗಿಗೆ ಕಣ್ಣು ಆಕಾಶದಲ್ಲಿರುತ್ತದೆ, ಯಾರಾದರೂ ಒಬ್ಬಳು ಈ ಕಬ್ಬಿಣದ ಕಂಬಕ್ಕೆ ಹೊಡೆದುಕೊಳ್ಳುತ್ತಾಳೆ, ಆವತ್ತು ನನ್ನನ್ನು ನೆನೆಸಿಕೊಳ್ಳಿ ಎಂದು ಬರೆದಿದ್ದಳು. 'ನಿಮ್ಮ ಅಭಿಮಾನಕ್ಕೆ ನಾವು ಋಣಿ' ಎಂದು ಒಂದು ಸಾಲಿನ ಉತ್ತರ ಬಂದಿತ್ತು. ಅಭಿಮಾನವಂತೆ! ಎಂಬತ್ತೊಂದನೇ ಇಸವಿಯಲ್ಲಿ ಇವಳೇ ಈ ಕಾಲೇಜಿನ ತಂಡದ ಕ್ಯಾಚರ್ ಆಗಿದ್ದಳು. ಆಗ ಹುಡುಗಿಯರಿಗೆ ಮೈದಾನವೇ ಇರಲಿಲ್ಲ. ಕೃಷಿ ವಿಭಾಗದವರು ದನ ಮೇಯಿಸುವ ಹುಲ್ಲುಗಾವಲಿನಲ್ಲಿ ಸಗಣಿ ಬಳಿದು ಎಸೆದು ಆಡಬೇಕಿತ್ತು, ಅಂಗಿ ಅಮ್ಮಂದಿರು ಹೊಲಿದದ್ದು, ಬೆನ್ನ ಮೇಲಿನ ನಂಬರು ಕರೆಂಟಿನ ಟೇಪಿನಲ್ಲಿ ಅಂಟಿಸಿದ್ದು, ಬೆವರಿದರೆ ಎಂಟು ಕಳಚಿ ಮೂರಾಗುತ್ತಿತ್ತು. ಹಾಗೆ ಆಡಿ ಆಡಿ ಗಳಿಸಿದ ನೆಲದಲ್ಲಿ ಏಳು ಹೆಜ್ಜೆ ಕತ್ತರಿಸಿ ಛತ್ರಿ ನೆಟ್ಟಿದ್ದಾರೆ.

"ಇನ್ನೂ ಮೊದಲ ಚೆಂಡು ಬಿದ್ದಿಲ್ಲ, ಆಗಲೇ ಮುಖ ಟೊಮೇಟೊ ಆಗಿದೆಯಲ್ಲೇ," ಎಂದ ಪಕ್ಕದಲ್ಲಿ ಕೂತಿದ್ದ ಹಾಲಿಸ್. ಅವನು ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತನಾದವನು, ಹದಿನೈದು ವರ್ಷದಿಂದ ಅವಳ ಬೆಂಚಿನ ಜೊತೆಗಾರ.

"ಆ ಛತ್ರಿ ನೋಡಿದೆಯಾ? ನೋಡಿದೆಯೋ ಇಲ್ಲವೋ ಹೇಳು."

"ನೋಡ್ದೆ. ಚೆನ್ನಾಗೇ ಇದೆ. ನೆರಳು ಬೀಳತ್ತೆ."

"ನಿನ್ನ ತಲೆ!"

ದಕ್ಷಿಣದ ಗಾಳಿ ಬೆಳಗಿನಿಂದ ಬೀಸುತ್ತಿತ್ತು, ಒಕ್ಲಹೋಮದಲ್ಲಿ ಏಪ್ರಿಲ್ ಬಂದರೆ ಅದು ನಿಲ್ಲುವ ಪ್ರಶ್ನೆಯೇ ಇಲ್ಲ. ಕೆಂಪು ಧೂಳು ಹಲ್ಲಿನ ಸಂದಿಗೆಲ್ಲ ಬರುತ್ತಿತ್ತು. ಅವತ್ತು ಒಂದೇ ಎದುರಾಳಿಯ ಮೇಲೆ ಎರಡು ಆಟ, ಒಂದರ ಹಿಂದೆ ಒಂದು. ಎಡಗಡೆಯ ಹೊರಮೈದಾನದಲ್ಲಿ ಶೆಲ್ಬಿ ಕ್ರೌಸ್ ನಿಂತಿದ್ದಳು. ಶೆಲ್ಬಿಗೆ ಇದು ಕಾಲೇಜಿನ ಕೊನೆಯ ವರ್ಷ. ಮೇವಿಸ್ ಶಾಲೆಯ ಬಸ್ಸು ಓಡಿಸುತ್ತಿದ್ದ ಇಪ್ಪತ್ತೈದು ವರ್ಷದ ಕೊನೆಯಲ್ಲಿ ಈ ಶೆಲ್ಬಿ ಮೂರನೇ ಸೀಟಿನ ಮಗುವಾಗಿದ್ದಳು, ಐದು ವರ್ಷದವಳು, ಬಸ್ಸು ತಿರುಗುವಾಗಲೇ ಎದ್ದು ನಿಲ್ಲುವವಳು. "ಕೂತ್ಕೋ ಶೆಲ್ಬಿ!" ಎಂದು ಮೇವಿಸ್ ಕನ್ನಡಿಯಲ್ಲೇ ನೋಡಿ ಕೂಗಿದರೆ ಇಡೀ ಬಸ್ಸೇ ಕೂತುಬಿಡುತ್ತಿತ್ತು. ದೇವರು ಅವಳಿಗೆ ಕೊಟ್ಟದ್ದು ಅದೊಂದೇ, ಗಂಟಲು. ರಾಯ್ಸ್ ಹೇಳುತ್ತಿದ್ದ, ನೀನು ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು. ಈ ಬೆಂಚಿನಿಂದಲೂ ಅವಳು ಸುಮ್ಮನೆ ಚಪ್ಪಾಳೆ ತಟ್ಟುವವಳಲ್ಲ. ಆಡುವ ಹುಡುಗಿಯರು ಒಬ್ಬರಿಗೊಬ್ಬರು ಏನು ಕೂಗಬೇಕೋ ಅದನ್ನೇ ಅವಳೂ ಕೂಗುತ್ತಿದ್ದಳು. ಎರಡನೇ ಬೇಸಿಗೆ ಎಸಿ, ಹಿಂದೆ ಬರ್ತಿದ್ದಾಳೆ ನೋಡು, ಚೆಂಡು ನಿಂದೇ ನಿಂದೇ. ನಾಲಿಗೆ ಇನ್ನೂ ಆ ಹುಲ್ಲುಗಾವಲಿನಲ್ಲೇ ಇತ್ತು. ಚಿಕ್ಕ ವಯಸ್ಸಿನ ತಾಯಂದಿರು ತಿರುಗಿ ನೋಡಿ ಒಬ್ಬರಿಗೊಬ್ಬರು ನಗುವುದು ಅವಳಿಗೆ ಗೊತ್ತಿತ್ತು. ನಗಲಿ. ಇವರಿಗೆ ಮಗಳ ಫೋಟೊ ತೆಗೆಯುವುದು ಬಿಟ್ಟರೆ ಆಟದ ಗಂಧಗಾಳಿ ಇಲ್ಲ.

ಐದನೇ ಇನಿಂಗ್ಸಿನಲ್ಲಿ ಎದುರು ತಂಡದ ದಪ್ಪ ಹುಡುಗಿ ಚೆಂಡನ್ನು ಎತ್ತಿ ಹೊಡೆದಳು. ಅದು ಎಡಗೆರೆಯ ಮೇಲೆ ಎತ್ತರಕ್ಕೆ ಹೋಗಿ, ಗಾಳಿ ಹಿಡಿದು ಆಚೆಗೆ ಆಚೆಗೆ ವಾಲತೊಡಗಿತು. ನೆಲಕ್ಕೆ ಬೀಳುವ ಮೊದಲು ಗೆರೆಯಾಚೆ ಹಿಡಿದರೂ ಔಟೇ. ಶೆಲ್ಬಿ ಓಡಿದಳು. ಮುಖ ಮೇಲಕ್ಕೆ, ಗ್ಲೌಸಿನ ಕೈ ಮುಂದಕ್ಕೆ. ಇಂಥ ಹೊತ್ತಿನಲ್ಲಿ ಓಡುವವಳಿಗೆ ಹತ್ತಿರದವಳೇ ಕಣ್ಣಾಗಬೇಕು, ಅದಕ್ಕೆ ಎರಡೇ ಮಾತು: ದಾರಿ ಖಾಲಿ ಇದ್ದರೆ 'ಜಾಗ ಇದೆ', ಇಲ್ಲದಿದ್ದರೆ 'ಬೇಲಿ'. ಮೂರನೇ ಬೇಸಿನಲ್ಲಿದ್ದ ಇನೆಸ್ ಎಂಬ ಮೊದಲ ವರ್ಷದ ಹುಡುಗಿ ಶೆಲ್ಬಿಯ ಕಡೆಗೇ ಓಡುತ್ತ ಏನೋ ಕೂಗುತ್ತಿದ್ದಳು. ಮೇವಿಸ್ ಎದ್ದು ನಿಂತಿದ್ದಳು. ತೊಡೆಯ ಮೇಲಿದ್ದ ಪುಸ್ತಕ ಕೆಳಗೆ ಬಿತ್ತು. ಚೆಂಡು ಎಲ್ಲಿ ಇಳಿಯುತ್ತದೆಂದು ಅವಳ ಕಣ್ಣಿಗೆ ಗೊತ್ತಿತ್ತು, ಅಲ್ಲಿಂದಾಚೆ ಇನ್ನೂ ಎಷ್ಟು ನೆಲವಿದೆಯೆಂದು ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಅವಳು ಎದೆ ತುಂಬಿಕೊಂಡು ಕೂಗಿದಳು: "ಜಾಗ ಇದೆ! ಜಾಗ ಇದೆ ಶೆಲ್ಬಿ, ಜಾಗ ಇದೆ!"

ಶೆಲ್ಬಿ ಇನ್ನೂ ಜೋರಾಗಿ ಓಡಿದಳು. ಚೆಂಡು ಗ್ಲೌಸಿಗೆ ಬಂದದ್ದು, ಅವಳು ಕಂಬಕ್ಕೆ ಬಡಿದದ್ದು ಒಂದೇ ಸಲ. ಛತ್ರಿಯ ಕೆಳಗಿದ್ದವನೊಬ್ಬನ ಲೋಟ ಉರುಳಿತು. ಅವಳು ಚೆಂಡನ್ನು ಬಿಟ್ಟಿರಲಿಲ್ಲ, ಅಂಪೈರ್ ಮುಷ್ಟಿ ಎತ್ತಿ ಔಟ್ ಎಂದ, ಜನ ಮೊದಲು ಚಪ್ಪಾಳೆಯನ್ನೇ ತಟ್ಟಿದರು. ಅವಳು ಏಳುತ್ತಿಲ್ಲವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಔಷಧದ ಪೆಟ್ಟಿಗೆ ಹಿಡಿದು ಫಿಸಿಯೊ ಓಡಿದ. ಶೆಲ್ಬಿ ಎದ್ದು ಕೂತಾಗ ಅವಳ ಬಲಗೈ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು.

"ನೀನು ಹೇಳಿದ್ದೇ ಆಯ್ತಲ್ಲ ಮೇವಿಸ್," ಎಂದ ಹಾಲಿಸ್ ಮೆಲ್ಲಗೆ. ಮುಂದಿನ ಸಾಲಿನವರೂ ತಿರುಗಿದರು. "ನೀವು ಪತ್ರ ಬರೆದಿದ್ರಂತಲ್ಲ ಮಿಸ್ ಮೇವಿಸ್? ಬಾಯಿ ಬಡ್ಕೊಂಡ್ರಿ, ಯಾರು ಕೇಳಿದ್ರು!" ಎಂದಳು ಒಬ್ಬಳು ತಾಯಿ, ಯಾವಾಗಲೂ ನಗುತ್ತಿದ್ದವಳೇ. "ಇವರನ್ನ ಕೋರ್ಟಿಗೆ ಎಳೀಬೇಕು," ಎಂದ ಇನ್ನೊಬ್ಬ. ಮೇವಿಸ್ "ಮೂರು ಪತ್ರ! ಒಂದಲ್ಲ, ಮೂರು!" ಎಂದು ಬೆರಳೆತ್ತಿ ತೋರಿಸಿದಳು. ತೋರಿಸುವಾಗ ಅವಳ ಒಳಗೆ ಒಂದು ಬೆಚ್ಚನೆಯ ಸುಖ ಹರಿಯಿತು, ಅದು ಸುಳ್ಳಲ್ಲ. ಹುಡುಗಿ ಕೈ ಮುರಿದುಕೊಂಡು ಧೂಳಿನಲ್ಲಿ ಕೂತಿದ್ದಾಳೆ, ಇವಳು ತನ್ನ ಮಾತು ನಿಜವಾಯಿತೆಂದು ಬೀಗುತ್ತಿದ್ದಾಳೆ. ಎತ್ತಿದ ಮೂರು ಬೆರಳು ಹಾಗೇ ಇದ್ದಾಗ ಅವಳಿಗೆ ತನ್ನ ಗಂಟಲು ಉರಿಯುತ್ತಿರುವುದು ಗಮನಕ್ಕೆ ಬಂತು. ಕೂಗಿದ ಗಂಟಲು. ಏನು ಕೂಗಿದೆ ನಾನು? ಬೇಲಿ ಎಲ್ಲಿದೆಯೆಂದು ಈ ಊರಿನಲ್ಲಿ ಕಾಲಲ್ಲಿ ಅಳೆದು ನೋಡಿದವಳು ಒಬ್ಬಳೇ, ಆ ಒಬ್ಬಳೇ ಅದನ್ನು ಮರೆತು ಕೂಗಿದ್ದಳು.

ಕೆಳಗೆ ಆಟಗಾರ್ತಿಯರು ಕೂರುವ ತಗ್ಗಿನಲ್ಲಿ, ಡಗ್‌ಔಟಿನಲ್ಲಿ, ಕೋಚ್ ಡೆಬ್ ಲಾಂಡ್ರಿ ಇನೆಸ್‌ಳನ್ನು ನಿಲ್ಲಿಸಿಕೊಂಡಿದ್ದಳು. ಮೇವಿಸ್‌ಳ ಬೆಂಚಿಗೆ ಅದು ನಾಲ್ಕು ಮಾರು ದೂರ, ಮಾತೆಲ್ಲ ಕೇಳಿಸುತ್ತಿತ್ತು.

"ಬೇಲಿ ಅಂತಾನೇ ಕೂಗಿದ್ದು ಕೋಚ್. ಎರಡು ಸಲ ಕೂಗಿದೆ."

"ಜಾಗ ಇದೆ ಅಂತ ನನ್ನ ಕಿವಿಯಾರೆ ಕೇಳಿದೀನಿ. ಅದ್ಯಾರ ದನಿ, ದೆವ್ವದ್ದಾ?"

"ನಂದಲ್ಲ ಕೋಚ್."

"ಅಲ್ಲಿ ಬೇರೆ ಯಾರಿದ್ರು? ನೋಡು, ತಪ್ಪು ಮಾಡಿದ್ರೆ ನಾನು ಕ್ಷಮಿಸ್ತೀನಿ. ಸುಳ್ಳು ಹೇಳೋರನ್ನ ನನ್ನ ಮೈದಾನದಲ್ಲಿ ಇಟ್ಕೊಳ್ಳಲ್ಲ. ಹೋಗು, ಕೂತ್ಕೋ. ಎರಡನೇ ಆಟಕ್ಕೂ ನೀನಿಲ್ಲ."

ಇನೆಸ್ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಉಳಿದ ಹುಡುಗಿಯರು ತಮ್ಮ ನೀರಿನ ಬಾಟಲಿಗಳನ್ನು ಅವಳ ಪಕ್ಕದಿಂದ ಎತ್ತಿಕೊಂಡು ಈಚೆಗೆ ಸರಿದರು. ಅವಳು ಅಳಲಿಲ್ಲ, ಗ್ಲೌಸನ್ನು ಕೂಡ ಬಿಚ್ಚಲಿಲ್ಲ. ಗಡಿಯ ಹತ್ತಿರದ ಯಾವುದೋ ಊರಿನಿಂದ ಬಂದವಳು ಅವಳು, ಬೆಂಚುಗಳಲ್ಲಿ ಅವಳ ಪರವಾಗಿ ಎದ್ದು ನಿಲ್ಲುವವರು ಯಾರೂ ಇರಲಿಲ್ಲ. ಎಂಥ ಕೋಚ್ ಇವಳು, ವಿಚಾರಿಸುವ ರೀತಿಯಾ ಇದು ಎಂದು ಮೇವಿಸ್‌ಗೆ ಮೈ ಉರಿಯಿತು. ಕೂಸನ್ನು ಎಲ್ಲರ ಎದುರಿಗೆ ಸುಳ್ಳಿ ಎನ್ನುವುದಾ? ಬೇಲಿ ಸರಿಸಿದ ನಿರ್ದೇಶಕನನ್ನು ಹೋಗಿ ಕೇಳಲು ಇವಳಿಗೆ ಧೈರ್ಯವಿಲ್ಲ, ಹದಿನೆಂಟರ ಹುಡುಗಿ ಸಿಕ್ಕಳು. ಹೀಗೆ ಬೈಯುತ್ತ ಹೋದಷ್ಟೂ ಅವಳಿಗೆ ಹಾಯೆನಿಸುತ್ತಿತ್ತು. ತಪ್ಪು ಬೇಲಿಯದು. ಬೇಲಿ ಹಳೆಯ ಜಾಗದಲ್ಲಿದ್ದಿದ್ದರೆ ಅವಳು ಕೂಗಿದ್ದು ಅಕ್ಷರಶಃ ಸರಿ. ಶೆಲ್ಬಿ ಕೇಳಿಸಿಕೊಂಡಿದ್ದು ಅವಳದೇ ದನಿಯೆಂದು ಯಾರು ಹೇಳಿದರು? ಗಾಳಿ ಬೇರೆ. ಛತ್ರಿಯ ಕೆಳಗಿನ ಕುಡುಕ ಯಾವನಾದರೂ ಕೂಗಿರಬಹುದು. ಬಸ್ಸು ಓಡಿಸುವಾಗ ಒಮ್ಮೆ ಹಿಂದಕ್ಕೆ ತೆಗೆಯುತ್ತ ಒಬ್ಬರ ಅಂಚೆಪೆಟ್ಟಿಗೆಯನ್ನು ಉರುಳಿಸಿ, ರಸ್ತೆಯೇ ಕಿರಿದೆಂದು ಕೌಂಟಿ ಕಚೇರಿಗೆ ಪತ್ರ ಬರೆದಿದ್ದಳು, ಅವರು ಬಂದು ರಸ್ತೆ ಅಗಲ ಮಾಡಿಯೂ ಇದ್ದರು. ಆ ಅಂಚೆಪೆಟ್ಟಿಗೆಯ ಮುದುಕಿ ಕೊನೆಯವರೆಗೂ ಅವಳ ಜೊತೆ ಮಾತಾಡಲಿಲ್ಲ. ಯಾಕೆ ಈಗ ಅದು ನೆನಪಾಗಬೇಕು? ಅವಳು ಮೈದಾನದಾಚೆ ಗೋಡೆಯ ಮೇಲಿದ್ದ ದೊಡ್ಡ ಗಡಿಯಾರವನ್ನು ನೋಡಿದಳು.

ಗೇಟಿನ ಬೋರ್ಡೂ ನೆನಪಾಯಿತು. ಆಟಕ್ಕೆ ಅಡ್ಡಿ ಮಾಡಿದ ಪ್ರೇಕ್ಷಕರಿಗೆ ವರ್ಷವಿಡೀ ಪ್ರವೇಶವಿಲ್ಲ. ಹೋದ ವರ್ಷ ಹೊರ ಊರಿನ ಅಪ್ಪನೊಬ್ಬ ಈ ಕಾಲೇಜಿನ ಹುಡುಗಿಯ ದನಿ ಅನುಕರಿಸಿ "ನಂದು, ನಂದು" ಎಂದು ಕೂಗಿ ಚೆಂಡು ಬೀಳಿಸಿದಾಗ, ಅವನನ್ನು ಆಚೆ ಹಾಕಿ ಎಂದು ಮೊದಲು ಎದ್ದು ಗಲಾಟೆ ಮಾಡಿದವಳು ಮೇವಿಸ್. ಅವನು ಹೋಗುವಾಗ ಜನರ ಜೊತೆ ಸೇರಿ ಕೈ ಬೀಸಿದ್ದಳು ಕೂಡ. ಇನ್ನು ಈ ಶನಿವಾರಗಳಿಲ್ಲ ಎಂದರೆ ಏನು ಮಾಡುವುದು? ಮನೆಯಲ್ಲಿ ಟೀವಿ ಇದೆ, ಫ್ರಿಜ್ಜು ಇದೆ, ಎರಡೂ ಸದ್ದು ಮಾಡುತ್ತವೆ.

ಮೊದಲ ಆಟ ಸೋತರು. ಹುಡುಗಿಯರು ಎದುರು ತಂಡಕ್ಕೆ ಕೈ ಕೊಟ್ಟು ಬಂದರು. ನಡುವಿನ ಬಿಡುವಿನಲ್ಲಿ ಜನ ಚಿಪ್ಸಿನ ಪೊಟ್ಟಣದೊಳಕ್ಕೇ ಬಿಸಿ ಮಾಂಸದ ಸಾರು ಸುರಿಸಿಕೊಂಡು ತಿನ್ನುತ್ತಿದ್ದರು. ಹಾಲಿಸ್ ಅವಳಿಗೂ ಒಂದು ತಂದ. ಅವಳಿಗೆ ಒಂದು ಚಮಚವೂ ಇಳಿಯಲಿಲ್ಲ.

"ಹಾಲಿಸ್, ನಾನು ಏನಂತ ಕೂಗಿದೆ?"

ಹಾಲಿಸ್ ಪೊಟ್ಟಣದೊಳಗೇ ನೋಡುತ್ತ ತಿರುವಿದ. "ನೀನು ಯಾವಾಗ್ಲೂ ಏನಾದ್ರೂ ಕೂಗ್ತಾನೇ ಇರ್ತೀಯ."

"ಬೇಲಿ ಹತ್ತಿರ ಅವಳು ಓಡುವಾಗ?"

"ನನಗೆ ಕೇಳಿಸಲಿಲ್ಲ ಮೇವಿಸ್," ಎಂದ ಅವನು. ಹದಿನೈದು ವರ್ಷ ಅವಳ ಗಂಟಲಿನ ಪಕ್ಕ ಎಡಗಿವಿ ಇಟ್ಟುಕೊಂಡು ಕೂತವನು. ಅವನು ಸುಳ್ಳು ಹೇಳುತ್ತಿದ್ದಾನೆ, ಕರುಣೆಯಿಂದ ಹೇಳುತ್ತಿದ್ದಾನೆ ಎಂದು ಗೊತ್ತಾದಾಗ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇವನಿಗೆ ಗೊತ್ತು. ಮುಂದಿನ ಸಾಲಿನವರಿಗೂ ಗೊತ್ತಿರಬಹುದು. ಎಲ್ಲರೂ ಕೂತು ತಿನ್ನುತ್ತಿದ್ದಾರೆ. ಅವಳು ಪೊಟ್ಟಣವನ್ನು ಅವನ ಕೈಗೆ ತುರುಕಿ ಮೆಟ್ಟಿಲಿಳಿದಳು.

ಪ್ರೇಕ್ಷಕರು ದಾಟಬಾರದ ಸರಪಳಿಯ ಈಚೆ ನಿಂತು ಅವಳು ಕೋಚನ್ನು ಕರೆದಳು. ಡೆಬ್ ಲಾಂಡ್ರಿ ಎರಡನೇ ಆಟದ ಪಟ್ಟಿ ಬರೆಯುತ್ತ ಬಂದಳು. "ಮಿಸ್ ಮೇವಿಸ್, ಬೇಲಿ ವಿಷಯ ಸೋಮವಾರ ಮಾತಾಡೋಣ. ನೀವೇ ಸರಿ ಇದ್ರಿ."

"ಬೇಲಿ ಅಲ್ಲ. ಜಾಗ ಇದೆ ಅಂದಿದ್ದು ನಾನು. ಆ ಮಗು ಅಲ್ಲ."

ಕೋಚ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕಳು. ಒಳ್ಳೆಯ ನಗು, ಮುದುಕಿಯರಿಗೆ ಇಟ್ಟ ನಗು. "ನಿಮ್ಮದು ದೊಡ್ಡ ಮನಸ್ಸು. ಅವಳನ್ನ ಉಳಿಸೋಕೆ ನೋಡ್ತಿದೀರಿ."

"ಉಳಿಸೋಕಲ್ಲ ಕಣಮ್ಮ, ನಾನೇ ಕೂಗಿದ್ದು!"

"ಕೂಗಿರಬಹುದು. ಆದ್ರೆ ನನ್ನ ಹುಡುಗಿಯರಿಗೆ ಗ್ಯಾಲರಿಯ ಮಾತು ಕೇಳಿಸಲ್ಲ ಮಿಸ್ ಮೇವಿಸ್. ಮೊದಲ ತಿಂಗಳೇ ಕಿವಿ ಮುಚ್ಚೋದು ಕಲಿಸ್ತೀನಿ. ಅಲ್ಲಿ ಕೂಗೋದೆಲ್ಲ ಅವರಿಗೆ ಗಾಳಿ ಇದ್ದ ಹಾಗೆ. ನೀವು ತಲೆ ಕೆಡಿಸ್ಕೋಬೇಡಿ, ಹೋಗಿ ಏನಾದ್ರೂ ತಿನ್ನಿ."

ಗಾಳಿ ಇದ್ದ ಹಾಗೆ! ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡದ್ದು ಗಾಳಿ. ತಾನು ಕೆಟ್ಟದ್ದು ಮಾಡಿದೆನೆಂದು ಒಪ್ಪಿಕೊಳ್ಳಲು ಬಂದರೆ ನಿನ್ನಿಂದ ಅಷ್ಟೂ ಆಗುವುದಿಲ್ಲ ಎನ್ನುತ್ತಾಳಲ್ಲ ಇವಳು. ಮೇವಿಸ್ ಸರಪಳಿಯ ಗುಂಟ ನಡೆದು, ಸಾಮಾನಿನ ಗಾಡಿಯಲ್ಲಿ ಕೂತಿದ್ದ ಶೆಲ್ಬಿಯ ಹತ್ತಿರ ಹೋದಳು. ಕೈಗೆ ಹಲಗೆ ಕಟ್ಟಿದ್ದರು, ಮೇಲೆ ಮಂಜುಗಡ್ಡೆ. ಆಸ್ಪತ್ರೆಗೆ ಕರೆದೊಯ್ಯಲು ಅವಳ ಅಪ್ಪ ಬರುವವರೆಗೆ ಕಾಯುತ್ತಿದ್ದಳು.

"ತುಂಬಾ ನೋವಾ ಪುಟ್ಟಾ?"

"ಇಲ್ಲ ಮ್ಯಾಮ್. ಈಗ ಜೋಮು ಹಿಡಿದಿದೆ." ಹುಡುಗಿಯ ತುಟಿ ಬಿಳಿಚಿಕೊಂಡಿತ್ತು. ಉಳಿದದ್ದು ಇನ್ನು ಎಂಟು ಆಟ, ಅದರಲ್ಲಿ ಒಂದನ್ನೂ ಅವಳು ಆಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಒಂದು ಕೇಳ್ತೀನಿ. ಓಡುವಾಗ ನಿನಗೆ ಯಾರ ದನಿ ಕೇಳಿಸ್ತು?"

ಶೆಲ್ಬಿ ಮಂಜುಗಡ್ಡೆಯನ್ನು ಸರಿಮಾಡಿಕೊಂಡಳು. ಮತ್ತೆ ಸರಿಮಾಡಿಕೊಂಡಳು. "ನಿಮ್ದು," ಎಂದಳು. "ಇನೆಸ್ ಬೇಲಿ ಅಂದಿದ್ದೂ ಕೇಳಿಸ್ತು. ಅವಳು ಹೊಸಬಳು, ಹೆದರ್ಕೊಂಡಿದಾಳೆ ಅಂದ್ಕೊಂಡೆ. ನೀವು ಅಂದ್ಮೇಲೆ ಇದ್ದೇ ಇರತ್ತೆ ಅಂತ ಓಡಿದೆ."

ಮೇವಿಸ್‌ಗೆ ಇದು ಸಾಕಾಗಲಿಲ್ಲ. "ಮತ್ತೆ ಕೋಚಿಗೆ ಯಾಕೆ ಹೇಳಲಿಲ್ಲ? ಅವಳನ್ನ ಸುಳ್ಳಿ ಅಂತಿದಾರೆ ಅಲ್ಲಿ."

"ಹೇಳಿದ್ರೆ ನಿಮ್ಮನ್ನ ಒಳಗೆ ಬಿಡಲ್ಲ ಮಿಸ್ ಮೇವಿಸ್. ಇನೆಸ್‌ಗೆ ಇನ್ನೂ ಮೂರು ವರ್ಷ ಇದೆ, ನಾಳೆ ಎಲ್ಲರೂ ಮರೀತಾರೆ." ಹುಡುಗಿ ತೀರ ಮೆತ್ತಗೆ, ಪ್ರೀತಿಯಿಂದಲೇ ಹೇಳಿದಳು: "ನಿಮಗೆ ಇದು ಬಿಟ್ರೆ ಇನ್ನೇನಿದೆ?"

ಇಷ್ಟು ದಿನದ ಸಿಟ್ಟುಗಳೆಲ್ಲ ಸಿಟ್ಟೇ ಅಲ್ಲ ಎನ್ನುವಂಥ ಸಿಟ್ಟು ಅವಳ ಹೊಟ್ಟೆಯಿಂದ ಎದ್ದಿತು. ಹಾಗಾದರೆ ಇವರೆಲ್ಲ ತನ್ನನ್ನು ಹೀಗೆ ನೋಡುತ್ತ ಬಂದಿದ್ದಾರೆ. ಬೇರೆ ಗತಿಯಿಲ್ಲದ ಮುದುಕಿ, ಶನಿವಾರ ಬಂದರೆ ಕೂಗಿಕೊಂಡು ಹೋಗಲಿ ಪಾಪ ಎಂದು. ಅವಳ ಒಂದು ಬೆಂಚನ್ನು ಉಳಿಸಲು ಒಬ್ಬ ಹುಡುಗಿಯ ಹೆಸರು ಕೆಡಿಸಬಹುದು ಎಂದು ಈ ಮಗು ಲೆಕ್ಕ ಹಾಕಿದೆ, ಇಪ್ಪತ್ತೊಂದು ವರ್ಷದ ಮಗು. ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇದು: ಅದೇ ಲೆಕ್ಕವನ್ನು ಅವಳೂ ಮೇಲೆ ಕೂತು ಹಾಕುತ್ತಿದ್ದಳು. ಟೀವಿ, ಫ್ರಿಜ್ಜು, ಬೋರ್ಡು.

ಅವಳು ತಿರುಗಿ ನಿಂತು, ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿಯಲ್ಲಿ ಕೂಗಿದಳು. "ಕೋಚ್ ಲಾಂಡ್ರಿ! ಇಲ್ಲಿ ಬಾ! ಶೆಲ್ಬಿ, ಈಗ ನನಗೆ ಹೇಳಿದ್ದನ್ನ ಎಲ್ಲರಿಗೂ ಕೇಳೋ ಹಾಗೆ ಹೇಳು. ಯಾರ ದನಿ?"

ತಿನ್ನುತ್ತಿದ್ದ ಕೈಗಳು ನಿಂತವು. ಅಂಪೈರೂ ತಿರುಗಿ ನೋಡಿದ. ಶೆಲ್ಬಿಯ ಕಣ್ಣು ತುಂಬಿ ಬಂದಿತ್ತು.

"ಹೇಳು ಅಂದೆ!"

"ಮಿಸ್ ಮೇವಿಸ್‌ದು," ಎಂದಳು ಶೆಲ್ಬಿ. "ಇನೆಸ್ ಬೇಲಿ ಅಂತಾನೇ ಕೂಗಿದ್ಲು ಕೋಚ್. ನಾನೇ ಅವಳ ಮಾತು ಕೇಳಲಿಲ್ಲ."

ಕೋಚ್ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದಳು, ಅಂಪೈರನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅಂಪೈರ್ ಮೇವಿಸ್‌ಳ ಕಡೆ ನೋಡಿ ಗೇಟಿನತ್ತ ಕೈ ಮಾಡಿದ. ಹತ್ತು ವರ್ಷ ಅವಳಿಂದ ಬೈಸಿಕೊಂಡವನು, ಖುಷಿಪಡಬಹುದಿತ್ತು, ಪಡಲಿಲ್ಲ. ಬೆಂಚುಗಳ ಮೇಲೆ ಎಲ್ಲೋ ಒಂದು ಚಪ್ಪಾಳೆ ಶುರುವಾಯಿತು, ಹಾಲಿಸ್ ಇರಬೇಕು, ಇನ್ನೂ ನಾಲ್ಕು ಜನ ಸೇರಿಕೊಂಡರು. ಮೇವಿಸ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅವಳಿಗೆ ಕಣ್ಣು ಉರಿಯುತ್ತಿತ್ತು, ಆದರೆ ಎದೆಯೊಳಗೆ ಒಂದು ಥರದ ಹಗುರ, ಹೆಮ್ಮೆ ಎಂದರೂ ಆದೀತು. ಹೋಗುತ್ತೇನೆ, ತಲೆ ಎತ್ತಿಕೊಂಡೇ ಹೋಗುತ್ತೇನೆ. ಮಾಡಿದ್ದನ್ನು ಮಾಡಿದೆ ಎನ್ನಲು ಈ ಊರಿನಲ್ಲಿ ಎಷ್ಟು ಜನರಿಗೆ ಎದೆಯಿದೆ? ಆ ನಿರ್ದೇಶಕನಿಗಿದೆಯಾ?

ಗೇಟಿಗೆ ಹೋಗುವ ದಾರಿ ಆಟಗಾರ್ತಿಯರ ತಗ್ಗಿನ ಪಕ್ಕದಲ್ಲೇ ಇತ್ತು. ಇನೆಸ್ ಮೂರನೇ ಬೇಸಿಗೆ ಹೋಗಲು ಮೆಟ್ಟಿಲು ಹತ್ತಿ ಬಂದಳು, ಇಬ್ಬರೂ ಸರಪಳಿಯ ಎರಡು ಕಡೆ ಎದುರುಬದುರಾದರು. ಹತ್ತಿರದಿಂದ ನೋಡಿದರೆ ಎಷ್ಟು ಚಿಕ್ಕ ಮುಖ, ಮೂಗಿನ ಮೇಲೆ ಧೂಳು. ಮೇವಿಸ್ ನಿಂತಳು. ಹುಡುಗಿ ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ಕಾದಳು. ಅದಕ್ಕೆ ಪರವಾಗಿಲ್ಲ ಮಗು, ಚೆನ್ನಾಗಿ ಆಡು ಎನ್ನುವ ಉತ್ತರ ಕೂಡ ನಾಲಿಗೆಯ ಮೇಲೆ ತಯಾರಿತ್ತು.

"ನಾನು ಬೇಲಿ ಅಂದಿದ್ದು ನಿಮಗೂ ಕೇಳಿಸಿತ್ತು ಅಲ್ವಾ ಮ್ಯಾಮ್?" ಎಂದಳು ಇನೆಸ್. ದನಿ ನಡುಗುತ್ತಿತ್ತು, ಹೆದರಿಕೆಯಿಂದಲ್ಲ. "ಕೋಚ್ ನನ್ನ ಬೈದಿದ್ದೂ ಕೇಳಿಸಿತ್ತು. ನೀವು ಅಲ್ಲೇ ಮೇಲೆ ಕೂತಿದ್ರಿ. ನಾನು ನಿಮ್ಮನ್ನೇ ನೋಡ್ತಾ ಇದ್ದೆ. ಒಂದು ಗಂಟೆ ಬೇಕಾಯ್ತಾ ನಿಮಗೆ?"

ಅವಳು ಉತ್ತರಕ್ಕೆ ನಿಲ್ಲದೆ ಮೈದಾನಕ್ಕೆ ಓಡಿದಳು. ಮೇವಿಸ್ ಗೋಡೆಯ ಮೇಲಿನ ಆ ದೊಡ್ಡ ಗಡಿಯಾರದತ್ತ ತಿರುಗಿದಳು. ಕೋಚ್ ಆ ಹುಡುಗಿಯನ್ನು ಬೈದಾಗಿನಿಂದ ಅವಳು ಅದನ್ನೇ ನೋಡುತ್ತ ಕೂತಿದ್ದಳು. ಒಂದು ಗಂಟೆಯಲ್ಲ, ಒಂದು ಗಂಟೆ ಹತ್ತು ನಿಮಿಷ.